ಮೂತ್ರದ ರಿಪೋರ್ಟ್ ನಂಬಿ ಏಳು ತಿಂಗಳು ಸುಮ್ಮನಿದ್ದೆವು

‘ಮೂತ್ರ ಕೊಡಿ, ಕಿಡ್ನಿ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳ್ತೀವಿ’ ಅನ್ನೋರಿಗೆ ದುಡ್ಡು ಕಟ್ಟೋಕೆ ಹೊರಟಿದ್ದರೆ, ಇದನ್ನು ಓದಿ ಆಮೇಲೆ ಹೋಗಿ.

ಕಳೆದ ವರ್ಷ, ಮೆಕ್ಕೆಜೋಳದ ಸೀಸನ್ನು. ದಾವಣಗೆರೆ ಎಪಿಎಂಸಿಯಿಂದ ಬಂದ ಅಪ್ಪಾಜಿ ಬಚ್ಚಲಿಂದಲೇ ಕೂಗಿದರು. ಬಿಳಿ ಟೈಲ್ಸ್ ಮೇಲೆ ಓಕುಳಿ ಚೆಲ್ಲಿದ ಹಾಗೆ ಕೆಂಪು. ನೋವಿಲ್ಲ, ಉರಿಯಿಲ್ಲ. ಮರುದಿನ ಮತ್ತೆ ತಿಳಿ. ‘ಉಷ್ಣ ಆಗೈತಿ, ಎರಡು ಎಳನೀರು ಕುಡಿದ್ರೆ ಹೋಗ್ತೈತಿ ಬಿಡಪ್ಪ’ ಅಂದರು. ನಲವತ್ತು ವರ್ಷದ ಬೀಡಿ ಚಟ ಬೇರೆ. ನನಗೆ ಸಮಾಧಾನ ಆಗಲಿಲ್ಲ.

ಆಗ ಸಿಕ್ಕವನು ಮನೆಗೇ ಬಂದು ಸ್ಯಾಂಪಲ್ ಒಯ್ಯುವ ಒಂದು ಲ್ಯಾಬಿನ ಹುಡುಗ. ಹೆಸರು ಬೇಡ. ‘ಸ್ಕ್ಯಾನ್ ಗೀನ್ ಯಾಕೆ ಸಾರ್, ಮೂತ್ರದಲ್ಲೇ ಕ್ಯಾನ್ಸರಿನ ಗುರುತು, ಮಾರ್ಕರ್, ಹಿಡೀತಾರೆ, ಅಮೆರಿಕದ ಟೆಕ್ನಾಲಜಿ.’ 7,500 ರೂಪಾಯಿ. ಹತ್ತು ದಿನಕ್ಕೆ ವಾಟ್ಸಾಪ್‌ಗೆ ಪಿಡಿಎಫ್ ಬಂತು: ಹಸಿರು ಪಟ್ಟಿ, ಮೇಲೆ ‘ಲೋ ರಿಸ್ಕ್’. ಅಪ್ಪಾಜಿ ಅದನ್ನು ಮಂಡಿಯಲ್ಲಿ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು.

ಏಳು ತಿಂಗಳಿಗೆ ಮತ್ತೆ ಕೆಂಪು, ಈ ಸಲ ಹೆಪ್ಪು ಹೆಪ್ಪಾಗಿ. ಯೂರಾಲಜಿ (ಮೂತ್ರಾಂಗದ ಕಾಯಿಲೆ) ಡಾಕ್ಟರು ಆ ಪಿಡಿಎಫ್ ಕಡೆ ಕಣ್ಣೂ ಹಾಯಿಸಲಿಲ್ಲ, ಹೊಟ್ಟೆ ಸ್ಕ್ಯಾನಿಂಗ್‌ಗೆ ಬರೆದರು. ಜೆಲ್ ಹಚ್ಚಿ ಆಡಿಸುತ್ತಿದ್ದ ಮೇಡಂ ಕೈ ಎಡಪಕ್ಕೆಗೆ ಬಂದಾಗ ನಿಂತಿತು. ಮಾತೂ ನಿಂತಿತು. ಎಡ ಕಿಡ್ನಿಯಲ್ಲಿ 6 ಸೆಂ.ಮೀ. ಗಡ್ಡೆ. ಆಮೇಲೆ ಔಷಧಿ ಚುಚ್ಚಿ ತೆಗೆಯುವ ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್, ಆಪರೇಷನ್. ಇಡೀ ಕಿಡ್ನಿಯೇ ಹೋಯಿತು. 4 ಸೆಂ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಗಡ್ಡೆಯಷ್ಟನ್ನೇ ತೆಗೆದು ಕಿಡ್ನಿ ಉಳಿಸೋಕೆ ನೋಡುತ್ತಾರೆ. ಏಳು ತಿಂಗಳ ಹಿಂದೆ ಎಷ್ಟಿತ್ತೋ ಹೇಳೋಕಾಗಲ್ಲ ಅಂದರು ಡಾಕ್ಟರು. ಅದೇ ಈಗಲೂ ಕೊರೆಯೋದು.

ಆ ಹುಡುಗ ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ನಾನೂ ಬೀಳುತ್ತಿರಲಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಕಿಡ್ನಿ ಕ್ಯಾನ್ಸರಿನವರ ಮೂತ್ರದಲ್ಲಿ ಅಕ್ವಾಪೋರಿನ್-1, ಪೆರಿಲಿಪಿನ್-2 ಎಂಬ ಪ್ರೋಟೀನು ಹೆಚ್ಚಿರುತ್ತವೆ ಅಂತ 2010ರಲ್ಲೂ 2015ರಲ್ಲೂ ಪ್ರಕಟಿಸಿದ್ದು ನಿಜ. ಅದೂ ಕಿಡ್ನಿ ಕ್ಯಾನ್ಸರಿನ ಕ್ಲಿಯರ್ ಸೆಲ್, ಪ್ಯಾಪಿಲರಿ ಎಂಬ ಎರಡು ಬಗೆಗಳಲ್ಲಿ. ಸಂಶೋಧನೆಯಲ್ಲಿ ಕಂಡದ್ದು ಬೇರೆ, ರಕ್ತ ಹೋಗುತ್ತಿರುವ ಮನುಷ್ಯನಿಗೆ ‘ನಿನಗೇನಿಲ್ಲ, ಮನೆಗೆ ಹೋಗು’ ಅನ್ನೋದು ಬೇರೆ. ಸ್ಕ್ಯಾನಿನ ಜಾಗದಲ್ಲಿ ನಿಲ್ಲಿಸಬಹುದಾದ ಮೂತ್ರಪರೀಕ್ಷೆ ಕಿಡ್ನಿ ಕ್ಯಾನ್ಸರಿಗೆ ಇನ್ನೂ ಬಂದಿಲ್ಲ. ಮೂತ್ರದ ಸೈಟಾಲಜಿ, ಅಂದರೆ ಮೂತ್ರದಲ್ಲಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡೋದು, ಮಾಡಿಸ್ತೀವಿ ಅಂದರೂ ಅಷ್ಟೇ. ಅದು ಮುಖ್ಯವಾಗಿ ಮೂತ್ರಕೋಶದ ಕ್ಯಾನ್ಸರಿಗೆ.

ನೋವಿಲ್ಲದೆ ಒಂದೇ ಸಲ ರಕ್ತ ಹೋಗಿ ತಾನಾಗೇ ನಿಂತರೂ ಮೊದಲು ಯೂರಾಲಜಿ ಡಾಕ್ಟರು, ಸ್ಕ್ಯಾನಿಂಗು. ನಮಗೆ ಸ್ಕ್ಯಾನಿಂಗ್‌ಗೆ ಬಿದ್ದದ್ದು 1,200 ರೂಪಾಯಿ.

ಮೊನ್ನೆ ಆ ಲ್ಯಾಬಿಗೆ ಫೋನ್ ಮಾಡಿ ಬೈದೆ. ‘ಮೂರನೇ ಪುಟದ ಕೆಳಗಡೆ ನೋಡಿ ಸಾರ್’ ಅಂದರು, ತಣ್ಣಗೆ. ನೋಡಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ, ಇದು ರೋಗನಿರ್ಣಯಕ್ಕಲ್ಲ ಅಂತ ಇಂಗ್ಲಿಷಿನಲ್ಲಿತ್ತು. ಅಪ್ಪಾಜಿಗೆ ಇಂಗ್ಲಿಷ್ ಬರಲ್ಲ. ನನಗೆ ಬರುತ್ತೆ, ಹಸಿರು ಪಟ್ಟಿಯ ಮೊದಲ ಪುಟ ಬಿಟ್ಟು ಕೆಳಗೆ ಸರಿಸಿಯೇ ಇರಲಿಲ್ಲ.