ಎಂಟಡಿ ವಿಎಚ್‌ಎಫ್ ಆಂಟೆನಾ: ಬೋಟಿನಲ್ಲಿ ಮೂರು ವರ್ಷ ಬಳಸಿದ ಮೇಲೆ

ಮಲ್ಪೆಯ ನಮ್ಮ ಟ್ರಾಲ್ ಬೋಟಿನ ವಿಎಚ್‌ಎಫ್ ಸೆಟ್ಟಿಗೆ (ಬೋಟಿನಿಂದ ಬೋಟಿಗೆ ಮಾತಾಡುವ ವೈರ್‌ಲೆಸ್) ಈ ಫೈಬರ್ ಆಂಟೆನಾ ಹಾಕಿ ಮೂರು ವರ್ಷ ಆಯ್ತು. ಕೋಲು ಗಟ್ಟಿ. ಬಿಸಿಲಿಗೆ ಬಣ್ಣ ಮಾಸಿದೆ, ಹೊರಗಿನ ನಾರು ಅಲ್ಲಲ್ಲಿ ಎದ್ದು ಕೈಗೆ ಚುಚ್ಚುತ್ತದೆ, ಅಷ್ಟೇ. ಟ್ಯೂನ್ ಆಗಿಯೇ ಬರುವುದರಿಂದ ಅಳತೆಗೆ ಕತ್ತರಿಸುವ ರಗಳೆ ಇಲ್ಲ. ಕಳಿಸಿದ ಪವರ್‌ನಲ್ಲಿ ಎಷ್ಟು ಆಂಟೆನಾ ಕಡೆಯಿಂದ ವಾಪಸ್ ಬರುತ್ತದೆ ಅಂತ ಹೇಳುವುದು ಎಸ್‌ಡಬ್ಲ್ಯೂಆರ್ ಮೀಟರ್; 1 ಅಂದರೆ ಏನೂ ವಾಪಸ್ ಇಲ್ಲ. ಹಾಕಿದ ದಿನ ಅದು 1.4 ತೋರಿಸಿತು. 1.5ರ ಒಳಗಿದ್ದರೆ ಚಿಂತೆ ಇಲ್ಲ.

ತಕರಾರು ಇರುವುದು ಸೆಟ್ಟಿನಿಂದ ಆಂಟೆನಾಗೆ ಹೋಗುವ ಕೇಬಲ್ ಬಗ್ಗೆ. ಜೊತೆಗೆ ಬಂದದ್ದು ತೆಳು ಆರ್‌ಜಿ-58. ಹತ್ತು ಮೀಟರ್ ಎಳೆದರೆ 25 ವಾಟ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ದಾರಿಯಲ್ಲೇ ಖರ್ಚು.

ಕಳೆದ ವರ್ಷ ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಕಡಲಿಗೆ ಇಳಿದಾಗ ಬೋಟು ನಡೆಸುವ ತಂಡೇಲರ ದೂರು ಶುರು. "ಎಂತ ಮಾರಾಯ್ರೆ, ನಾವು ಹೇಳಿದ್ದು ಆಚೆ ಬೋಟಿನವರಿಗೆ ಕೇಳುದೇ ಇಲ್ಲ." ಮೊದಲು ಹತ್ತು ನಾಟಿಕಲ್ ಮೈಲಿಗೆ ಆರಾಮಾಗಿ ಮಾತಾಡುತ್ತಿದ್ದೆವು. ಈಗ ಆರು ದಾಟಿದರೆ ಬರೀ ಗರಗರ. ಮೀಟರ್ ಹಾಕಿದೆ. 1.1! ಹೊಸತರಲ್ಲೂ ಇಷ್ಟು ಚೆಂದ ಇರಲಿಲ್ಲ. ಹಾಗಾದರೆ ಸೆಟ್ಟೇ ಹಾಳು ಅಂದುಕೊಂಡು ಬಿಚ್ಚಿ ರಿಪೇರಿಗೆ ಒಯ್ದೆ. ಅಲ್ಲಿ ನೋಡಿದರೆ ಪೂರ್ತಿ 25 ವಾಟ್ ಬರುತ್ತಿದೆ.

ರಿಪೇರಿಯವರೇ ಉಪಾಯ ಹೇಳಿದರು. ಬುಡದಲ್ಲಿ ಆಂಟೆನಾ ಬಿಚ್ಚಿ, ಕೇಬಲ್ ತುದಿ ಖಾಲಿ ಬಿಟ್ಟು, ಸೆಟ್ಟನ್ನು 1 ವಾಟ್‌ಗೆ ಇಳಿಸಿ ಒಂದು ಕ್ಷಣ ಒತ್ತಿ. ಆಂಟೆನಾನೇ ಇಲ್ಲ ಅಂದಮೇಲೆ ಮುಳ್ಳು ಮೇಲಕ್ಕೆ ಹೊಡೀಬೇಕು, ಅಲ್ವಾ? ನಮ್ಮದು 1.7ರಲ್ಲಿ ಸುಮ್ನೆ ಕೂತಿತ್ತು. ಹೋದ ಪವರ್ ವಾಪಸ್ ಬರುವ ಮೊದಲೇ ಕೇಬಲ್ ನುಂಗುತ್ತಿತ್ತು. ಮೀಟರ್ ಖುಷಿಯಾಗಿದ್ದದ್ದು ಅದಕ್ಕೇ. ಸೀಳಿ ನೋಡಿದರೆ ಒಳಗಿನ ತಾಮ್ರದ ಜಾಲರಿ ಎರಡಡಿ ಉದ್ದಕ್ಕೆ ಕಪ್ಪಗಾಗಿ, ಹಸಿರು ಪುಡಿ ಉದುರಿತು. ಕನೆಕ್ಟರ್‌ಗೆ ಮನೆ ವೈರಿಂಗಿನ ಟೇಪ್ ಸುತ್ತಿದ್ದು ನಾನೇ. ಉಪ್ಪುನೀರಿಗೆ ಅದೆಲ್ಲ ಯಾವ ಲೆಕ್ಕ!

ಈಗ ದಪ್ಪ ಆರ್‌ಜಿ-213 ಎಳೆದು, ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪ್ ಹಾಕಿದ್ದೇನೆ. ಬಗ್ಗಿಸುವುದು ಕಷ್ಟ, ಕ್ಯಾಬಿನ್ ತೂತು ದೊಡ್ಡದು ಮಾಡಬೇಕಾಯ್ತು. ಮೀಟರ್ ಮತ್ತೆ 1.4ಕ್ಕೆ ಬಂತು. ಟೆಸ್ಟ್ ಮಾಡುವವರು ದಯವಿಟ್ಟು ಚಾನೆಲ್ 16 ಬಿಟ್ಟು ಬೇರೆ ಚಾನೆಲ್ ಹಿಡಿಯಿರಿ. ಅದು ಅಪಾಯದಲ್ಲಿ ಇರುವವರು ಕೂಗುವ ಜಾಗ.

ಆಂಟೆನಾಗೆ ಐದರಲ್ಲಿ ನಾಲ್ಕು, ಕೇಬಲ್‌ಗೆ ಒಂದು. ತಂಡೇಲರನ್ನು ಕೇಳಿದರೆ, "ಈಗ ಆಚೆಯವರು ಬೈಯುದೂ ಸಮಾ ಕೇಳ್ತದೆ" ಅಂತಾರೆ.