ಬೇಲಿಯ ಒಳಗಿನ ಅಪ್ಪ: ದುರ್ಗದಲ್ಲಿ ಕಂಡ ‘ಫೆನ್ಸಸ್’

ಅಮೆರಿಕದ ನಾಟಕಕಾರ ಆಗಸ್ಟ್ ವಿಲ್ಸನ್ ಅವರ ‘ಫೆನ್ಸಸ್’ (ಬೇಲಿಗಳು) ನಾಟಕವನ್ನು ಹವ್ಯಾಸಿ ತಂಡವೊಂದು ಕನ್ನಡಕ್ಕೆ ತಂದು ಚಿತ್ರದುರ್ಗದ ತರಾಸು ರಂಗಮಂದಿರದಲ್ಲಿ ಪ್ರಯೋಗಿಸಿತು. ಇಪ್ಪತ್ತನೆಯ ಶತಮಾನದ ಕಪ್ಪು ಅಮೆರಿಕನ್ನರ ಬದುಕನ್ನು ದಶಕಕ್ಕೊಂದರಂತೆ ಹತ್ತು ನಾಟಕಗಳಲ್ಲಿ ಬರೆದ ವಿಲ್ಸನ್, ಐವತ್ತರ ದಶಕಕ್ಕೆ ಮೀಸಲಿಟ್ಟ ಕೃತಿಯಿದು. 1987ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದು ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆಯಿತು. ಕಥೆಯನ್ನು ಹಿರಿಯೂರಿಗೋ ಜಗಳೂರಿಗೋ ಎತ್ತಿ ತರುವ ಆಸೆಯನ್ನು ಹತ್ತಿಕ್ಕಿ, 1957ರ ಪಿಟ್ಸ್‌ಬರ್ಗಿನ ಮನೆಯಂಗಳದಲ್ಲೇ ಉಳಿಸಿಕೊಂಡಿರುವುದು ತಂಡದ ಸರಿಯಾದ ತೀರ್ಮಾನ. ಏಕೆಂದರೆ ನಾಯಕ ಟ್ರಾಯ್ ಮ್ಯಾಕ್ಸನ್‌ನ ಕಹಿಗೆ ಒಂದು ಇಸವಿ ಇದೆ. ಕಪ್ಪುಜನರಿಗೆಂದೇ ಪ್ರತ್ಯೇಕವಾಗಿದ್ದ ಲೀಗುಗಳಲ್ಲಿ ಬೇಸ್‌ಬಾಲ್ ಆಡಿ ಹೆಸರು ಮಾಡಿದ್ದ ಅವನಿಗೆ, 1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್, ಅಲ್ಲಿಯವರೆಗೆ ಬಿಳಿಯರದೇ ಆಗಿದ್ದ ಮೇಜರ್ ಲೀಗಿನ ಮೈದಾನಕ್ಕೆ ಇಳಿಯುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು.

ಕಸದ ಲಾರಿಯ ಹಿಂದೆ ಡಬ್ಬ ಎತ್ತುವ ಟ್ರಾಯ್, ಲಾರಿ ಓಡಿಸುವವರೆಲ್ಲ ಬಿಳಿಯರೇ ಏಕೆ ಎಂದು ಕೇಳಿ ಗೆಲ್ಲುವ ಗಟ್ಟಿಗ. ಅದೇ ಮನುಷ್ಯ, ಅಮೆರಿಕನ್ ಫುಟ್‌ಬಾಲ್ ಆಟದ ಬಲದಿಂದ ಕಾಲೇಜು ಸೇರಲಿದ್ದ ಮಗ ಕೋರಿಯ ದಾರಿಗೆ ಅಡ್ಡ ನಿಲ್ಲುತ್ತಾನೆ. ಯುದ್ಧದಲ್ಲಿ ತಲೆಗೆ ಪೆಟ್ಟಾದ ತಮ್ಮ ಗೇಬ್ರಿಯಲ್‌ನ ಪರಿಹಾರದ ಹಣದಲ್ಲಿ ಮನೆ ಮಾಡಿಕೊಂಡು, ಕೊನೆಗೆ ಅವನನ್ನು ಆಸ್ಪತ್ರೆಗೆ ಸೇರಿಸುವ ಕಾಗದಕ್ಕೆ ಸಹಿ ಹಾಕುತ್ತಾನೆ. ಬೇರೊಬ್ಬಳಿಂದ ತನಗೆ ಮಗುವಾಗಲಿದೆ ಎಂಬುದನ್ನು ಹೆಂಡತಿ ರೋಸ್‌ಗೆ ಅಂಗಳದಲ್ಲಿ ನಿಂತೇ ಹೇಳುತ್ತಾನೆ. ಮಗನ ಯೌವನವನ್ನೇ ಕೇಳಿ ಪಡೆದ ಯಯಾತಿಯನ್ನು ಬಲ್ಲ ನಮಗೆ ಇಂಥ ಅಪ್ಪ ಹೊಸಬನೇನಲ್ಲ. ಆದರೆ ಯಯಾತಿಯನ್ನು ಆಡಿಸಿದ್ದು ಆಸೆ, ಟ್ರಾಯ್‌ನನ್ನು ಆಡಿಸುವುದು ಭಯ: ತನಗಾದದ್ದೇ ಮಗನಿಗೂ ಆದೀತೆಂಬ ಭಯ, ಆಗದೇ ಹೋದರೆ ತನ್ನ ಸೋಲಿಗೆ ಹೇಳಿಕೊಳ್ಳಲು ಕಾರಣವೇ ಉಳಿಯದೆಂಬ ಇನ್ನೂ ಆಳದ ಭಯ.

ಈ ಎರಡನೆಯ ಭಯವನ್ನು ಟ್ರಾಯ್ ಪಾತ್ರಧಾರಿ ಪೂರ್ತಿಯಾಗಿ ಹಿಡಿದಿಲ್ಲವೆಂಬುದೇ ನನ್ನ ಮುಖ್ಯ ತಕರಾರು. ಅವರಿಗೆ ತುಂಬು ಕಂಠವಿದೆ, ನಡಿಗೆಯಲ್ಲಿ ದುಡಿದು ದಣಿದವನ ಭಾರವಿದೆ. ಆದರೆ ಮೊದಲ ಅಂಕದಲ್ಲಿ, ತನ್ನನ್ನು ಯಾಕೆ ಎಂದೂ ಇಷ್ಟಪಡಲಿಲ್ಲವೆಂದು ಕೋರಿ ಕೇಳುವ ಸಂದರ್ಭವಿದೆ. ಇಷ್ಟಪಡಬೇಕೆಂಬ ಕಾನೂನು ಎಲ್ಲಿದೆ, ಅನ್ನ ಬಟ್ಟೆ ಸೂರು ಕೊಡುವುದು ತನ್ನ ಹೊಣೆ, ಕೊಡುತ್ತಿದ್ದೇನೆ ಎಂಬರ್ಥದ ಉತ್ತರವನ್ನು ಅಪ್ಪ ಕೊಡುತ್ತಾನೆ. ಸಭಾಂಗಣ ಚಪ್ಪಾಳೆ ತಟ್ಟಿತು. ನಟರು ಪ್ರೇಕ್ಷಕರತ್ತ ಅರ್ಧ ತಿರುಗಿ ಚಪ್ಪಾಳೆ ಮುಗಿಯುವ ತನಕ ಕಾದರು. ಚಿಂದೋಡಿ ಲೀಲಾ ಅವರಂಥ ಕಲಾವಿದರನ್ನು ಕೊಟ್ಟ, ಕಂಪನಿ ನಾಟಕಗಳ ಕ್ಯಾಂಪುಗಳನ್ನು ಕಂಡು ಬೆಳೆದ ಈ ಸೀಮೆಯಲ್ಲಿ ಚಪ್ಪಾಳೆಗೆ ಜಾಗ ಬಿಡುವುದು ನಟರಿಗೆ ರೂಢಿಗತವಾಗಿರಬಹುದು, ಅದು ಕೀಳಾದ ರೂಢಿಯೂ ಅಲ್ಲ. ಆದರೆ ಇಲ್ಲಿ ಆ ಕ್ಷಣ ಸೇರಬೇಕಾದದ್ದು ಮಗನಿಗೆ. ಅನ್ನ ಹಾಕಿದ್ದನ್ನೇ ಪ್ರೀತಿಯ ಲೆಕ್ಕಕ್ಕೆ ಬರೆಸಿಕೊಳ್ಳುವ ಅಪ್ಪಂದಿರ ಬಗ್ಗೆ ನಾಟಕ ಎತ್ತುವ ಪ್ರಶ್ನೆ, ಚಪ್ಪಾಳೆಯಲ್ಲಿ ಮೆಚ್ಚುಗೆಯಾಗಿ ಬದಲಾಯಿತು.

ರಂಗಸಜ್ಜಿಕೆಯನ್ನು ಮಾತ್ರ ಮನಸಾರೆ ಹೊಗಳಬೇಕು. ಬೇಲಿಯನ್ನು ಅಂಗಳದ ಹಿಂಬದಿಗೆ ಹಾಕದೆ ರಂಗದ ಮುಂಚೂಣಿಯಲ್ಲಿ, ಪ್ರೇಕ್ಷಕರಿಗೂ ಆ ಮನೆಗೂ ನಡುವೆ ಕಟ್ಟಿಸಿದ್ದಾರೆ. ದೃಶ್ಯದಿಂದ ದೃಶ್ಯಕ್ಕೆ ಒಂದೆರಡು ಹಲಗೆಗಳು ನಿಜವಾಗಿಯೇ ಏಳುತ್ತವೆ. ಅಪ್ಪ ಮಗ ಇಬ್ಬರೂ ಹಲಗೆಯ ಎರಡು ತುದಿ ಹಿಡಿದು ಗರಗಸ ಎಳೆಯುವಾಗ ಮರದ ಹೊಟ್ಟು ಮುಂದಿನ ಸಾಲಿನವರ ಕಾಲ ಬಳಿಗೇ ಉದುರುತ್ತದೆ, ಮಾತು ಬಿರುಸಾದಂತೆ ಎಳೆತದ ಲಯ ತಪ್ಪಿ ಗರಗಸ ಸಿಕ್ಕಿಕೊಳ್ಳುತ್ತದೆ. ಎರಡನೆಯ ಅಂಕದಲ್ಲಿ, ಮಗನ ಸಾಮಾನುಗಳನ್ನು ಬೇಲಿಯಾಚೆ ಇಡುವುದಾಗಿ ಟ್ರಾಯ್ ಹೇಳುವಾಗ, ನಾವು ಹಲಗೆಗಳ ಸಂದಿನಿಂದ ಇಣುಕುತ್ತಿರುತ್ತೇವೆ. ಹೊರಹಾಕಲ್ಪಟ್ಟ ಮಗ ನಮ್ಮ ಕಡೆಗೆ ಬಂದು ನಿಲ್ಲುತ್ತಾನೆ. ಪ್ರತಿಮೆಯೊಂದನ್ನು ವಿವರಿಸದೆ ಕೆಲಸಕ್ಕೆ ಹಚ್ಚುವುದೆಂದರೆ ಇದು.

ಇಷ್ಟು ಬಲ್ಲ ನಿರ್ದೇಶಕರು, ಬೇಲಿ ಕೆಲವರನ್ನು ಹೊರಗಿಡಲು, ಕೆಲವರನ್ನು ಒಳಗೇ ಉಳಿಸಿಕೊಳ್ಳಲು ಎಂದು ಗೆಳೆಯ ಬೋನೊ ಆಡುವ ಮಾತಿನ ಮೇಲೆ ಹಳದಿ ಬೆಳಕನ್ನು ಚೆಲ್ಲಿ ವಯೊಲಿನ್ ನುಡಿಸಿದ್ದೇಕೋ ತಿಳಿಯದು. ಏಳು ಸುತ್ತಿನ ಕೋಟೆಯ ನೆರಳಲ್ಲಿ ಬಾಳುವವರಿಗೆ ಗೋಡೆಯ ಎರಡು ಮುಖಗಳನ್ನು ಹೀಗೆ ಬೆರಳಿಟ್ಟು ತೋರಿಸಬೇಕಿರಲಿಲ್ಲ. ಮರಕ್ಕೆ ತೂಗುಹಾಕಿದ ಬಟ್ಟೆಯ ಚೆಂಡನ್ನು ಯಾರೂ ವಿವರಿಸಲಿಲ್ಲ, ಅದು ತಾನಾಗಿಯೇ ಅರ್ಥವಾಯಿತು. ಸಾವನ್ನು ಎದುರಿಗೆ ಬರುವ ಚೆಂಡೆಂದು ಟ್ರಾಯ್ ಜಂಬ ಕೊಚ್ಚುವಲ್ಲಿ ಬೇಸ್‌ಬಾಲ್ ಬಿಟ್ಟು ‘ಫುಲ್‌ಟಾಸ್’ ಎಂದದ್ದು ನಗೆಯನ್ನೇನೋ ತಂದಿತು, ಆದರೆ ಪಿಟ್ಸ್‌ಬರ್ಗ್ ಆ ಒಂದು ಕ್ಷಣ ಮಾಯವಾಯಿತು.

ರೋಸ್ ಪಾತ್ರಧಾರಿಣಿ ಇಡೀ ಪ್ರಯೋಗದ ಆಧಾರ. ಹೆರಿಗೆಯಲ್ಲಿ ತಾಯಿ ತೀರಿಕೊಂಡ ಹಸುಗೂಸನ್ನು ಗಂಡ ಎತ್ತಿ ತಂದಾಗ, ಮಗುವಿಗೆ ತಾಯಿಯಾಗುತ್ತೇನೆ, ನಿನಗೆ ಇನ್ನು ಹೆಂಡತಿಯಲ್ಲ ಎಂಬ ನಿರ್ಧಾರವನ್ನು ಅವರು ದನಿಯೇರಿಸದೆ, ಮಗುವಿನ ಹೊದಿಕೆ ಸರಿಮಾಡುತ್ತಲೇ ಹೇಳಿದರು. ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಉಡುಪು ಅಚ್ಚುಕಟ್ಟು, ಉಳಿದ ಸಂಗೀತ ಹಿತಮಿತ.

1965ಕ್ಕೆ ಜಿಗಿಯುವ ಕೊನೆಯ ದೃಶ್ಯವನ್ನು ತಂಡ ತಿದ್ದಿಕೊಳ್ಳಲೇಬೇಕು. ಟ್ರಾಯ್‌ನ ಶವಸಂಸ್ಕಾರದ ದಿನ, ತಾನು ದೇವದೂತನೆಂದೇ ನಂಬಿರುವ ಗೇಬ್ರಿಯಲ್ ಅಣ್ಣನಿಗಾಗಿ ಸ್ವರ್ಗದ ಬಾಗಿಲು ತೆರೆಸಲು ಕಹಳೆ ಊದುತ್ತಾನೆ, ಸದ್ದೇ ಬರುವುದಿಲ್ಲ, ಆಮೇಲೆ ಕುಣಿಯುತ್ತಾನೆ. ಕಹಳೆ ಮೂಕವಾಗುವುದರಲ್ಲೇ ಆ ದೃಶ್ಯದ ಜೀವವಿದೆ. ತಪ್ಪು ಮಾಡಿದ ಅಪ್ಪನಿಗೆ ಸುಲಭದ ಕ್ಷಮೆ ಇಲ್ಲವೆಂಬುದನ್ನು ಅದು ಒಂದೇ ಮಾತೂ ಇಲ್ಲದೆ ಹೇಳುತ್ತದೆ. ಇಲ್ಲಿ ಸ್ಪೀಕರ್‌ಗಳಿಂದ ರೆಕಾರ್ಡ್ ಮಾಡಿದ ಕಹಳೆ ಮೊಳಗಿತು. ದಾವಣಗೆರೆಯ ಪ್ರದರ್ಶನಕ್ಕೆ ಮುನ್ನ ಆ ಧ್ವನಿಮುದ್ರಿಕೆಯನ್ನು ತೆಗೆದುಹಾಕಿದರೆ, ಗೇಬ್ರಿಯಲ್ ಪಾತ್ರ ವಹಿಸಿದ ಯುವಕನ ಕುಣಿತವೊಂದೇ ಆ ದೃಶ್ಯಕ್ಕೆ ಸಾಕು.