‘ನೇರ ಕೂರುತ್ತೆ’ ಅಂತ ಮಾರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್: ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಹಳೇ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಕೋಪ ಇನ್ನೂ ಇಳಿದಿಲ್ಲ, ಬರಹ ಹಿಂದುಮುಂದಾಗಿದ್ದರೆ ಸಹಿಸಿಕೊಳ್ಳಿ.

ನನ್ನ ಗಾಡಿಯ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್‌ನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಕೊಳವೆಗಳ ತುಂಡು, ಬಿರುಕು ಬಿಟ್ಟಿತ್ತು. ಈ ಕಾರು ತಯಾರಾಗಿದ್ದೇ 1962ರಿಂದ 1980ರವರೆಗೆ. ಅಷ್ಟು ಕಾಲ ಕಾದು ತಣ್ಣಗಾದ ಎರಕದ ಕಬ್ಬಿಣ ಸೀಳುವುದರಲ್ಲಿ ಆಶ್ಚರ್ಯವಿಲ್ಲ. ಬದಲಿ ಹುಡುಕಿದಾಗ ಒಬ್ಬ ಮಾರಾಟಗಾರ ಸಿಕ್ಕಿದ. ‘ಹೊಚ್ಚ ಹೊಸದು, ಒರಿಜಿನಲ್ ಅಳತೆ’ ಎಂದು ಹಾಕಿದ್ದ. ಫ್ಲ್ಯಾಂಜ್ (ಎಂಜಿನ್‌ಗೆ ಒತ್ತಿ ಕೂರುವ ಚಪ್ಪಟೆ ಅಂಚು) ದಪ್ಪ ಎಷ್ಟು ಎಂದು ಕೊಳ್ಳುವ ಮುಂಚೆಯೇ ಕೇಳಿದೆ. ಅಳತೆ ಹೇಳಲಿಲ್ಲ. "ಕಣ್ಣು ಮುಚ್ಚಿ ಹಾಕಿ ಸಾರ್, ನೇರ ಕೂರುತ್ತೆ" ಎಂದ.

ದಪ್ಪದ ಮಾತು ಸುಮ್ನೆ ಕೇಳಿದ್ದಲ್ಲ. ಈ ಎಂಜಿನ್‌ನಲ್ಲಿ ಇನ್ಲೆಟ್ (ಗಾಳಿ, ಪೆಟ್ರೋಲ್ ಒಳಗೆ ಹೋಗುವ) ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಎಂಜಿನ್ ಮೇಲ್ಭಾಗದ ಹೆಡ್‌ನ ಒಂದೇ ಬದಿಗೆ ಇವೆ. ಎರಡನ್ನೂ ಸೇರಿಸಿ ಹಿಡಿಯುವ, ತಲೆಯಿಲ್ಲದ ಬೋಲ್ಟಿನಂಥ ಕೆಲವು ಸ್ಟಡ್‌ಗಳು. ದಪ್ಪನೆಯ ಒಂದೇ ವಾಷರ್ ಎರಡೂ ಫ್ಲ್ಯಾಂಜ್‌ಗಳ ಮೇಲೆ ಕೂತು ಒತ್ತಬೇಕು. ಎಕ್ಸಾಸ್ಟ್ ಫ್ಲ್ಯಾಂಜ್ ತೆಳುವಾದರೆ ಹೊಗೆ ಸೋರುತ್ತದೆ. ದಪ್ಪವಾದರೆ ಇನ್ಲೆಟ್ ಕಡೆ ಗಾಳಿ ಎಳೆದು ಐಡ್ಲಿಂಗ್ ಹಾಳಾಗುತ್ತದೆ. ಇದು ಹಳೇ ಗಾಡಿ ಸಾಮಾನು ಮಾರುವವನಿಗೆ ಗೊತ್ತಿರುವುದಿಲ್ವಾ?

ತುಕ್ಕು ಹಿಡಿದ ನಟ್‌ಗಳಿಗೆ ಎಣ್ಣೆ ಬಿಟ್ಟು, ಕಾದು, ಒಂದೂ ಸ್ಟಡ್ ಮುರಿಯದಂತೆ ಬಿಚ್ಚಿದೆ. ಹೊಸ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಹಾಳೆ) ಹಾಕಿ, ನಡುವಿನಿಂದ ಎರಡೂ ತುದಿಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಆಮೇಲೆ ಸ್ನೇಹಿತರನ್ನೆಲ್ಲ ಕರೆದು ಸ್ಟಾರ್ಟ್ ಮಾಡಿದೆ.

ಟಿಕ್ ಟಿಕ್ ಟಿಕ್.

"ಟ್ಯಾಪೆಟ್ ಇರಬೇಕು ಬಿಡೋ" ಎಂದ ಒಬ್ಬ, ನಗು ತಡೆದುಕೊಂಡು. ವಾಲ್ವ್ ಎತ್ತುವ ಟ್ಯಾಪೆಟ್‌ನ ಸದ್ದು ಅಲ್ಲ. ಎಂಜಿನ್ ತಣ್ಣಗಿದ್ದಾಗ ಜೋರು, ಕಾದಂತೆ ಕಡಿಮೆ. ಅದು ಸೋರಿಕೆಯ ಲಕ್ಷಣ. ಮತ್ತೆ ಎಲ್ಲ ಬಿಚ್ಚಿದೆ. ಗ್ಯಾಸ್ಕೆಟ್ ಮೇಲೆ ಹೊಗೆ ಬರುವ ತೂತಾದ ಪೋರ್ಟ್‌ನಿಂದ ಹೊರಗಿನವರೆಗೆ ಕರಿ ಮಸಿಯ ಗೆರೆ. ವರ್ನಿಯರ್ ಹಿಡಿದು ನೋಡಿದರೆ ಫ್ಲ್ಯಾಂಜ್ ನನ್ನ ಹಳೆಯದಕ್ಕಿಂತ ತೆಳು. ವಾಷರ್ ಇನ್ಲೆಟ್ ಮೇಲೆ ಮಾತ್ರ ಕೂತಿತ್ತು. ಅಂದರೆ ನಾನು ಎಷ್ಟು ಬಿಗಿ ಮಾಡಿದರೂ ಎಕ್ಸಾಸ್ಟ್ ಕಡೆಗೆ ಒತ್ತಡವೇ ಬೀಳುತ್ತಿರಲಿಲ್ಲ! ಫ್ಲ್ಯಾಂಜ್ ಮೇಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟರೆ ಕೆಳಗಿಂದ ಬೆಳಕು ಬೇರೆ ಕಾಣುತ್ತಿತ್ತು, ಅಂದರೆ ಅದು ಮಟ್ಟವಾಗಿಯೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಕೆಟ್ಟ ಎರಕ ಎಂದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಅವನು ಹಾಕಿದ್ದ ಫೋಟೋ ಮತ್ತೆ ತೆಗೆದು ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಎರಕದ ನಂಬರ್ (ಎರಕ ಹೊಯ್ಯುವಾಗಲೇ ಮೂಡಿಸುವ ಗುರುತಿನ ಸಂಖ್ಯೆ) ಉಬ್ಬಿಕೊಂಡು ಸ್ಪಷ್ಟವಾಗಿ ಕಾಣುತ್ತದೆ. ನನ್ನ ಕೈಯಲ್ಲಿದ್ದ ತುಂಡಿನ ಮೇಲೆ ಒಂದಕ್ಷರವೂ ಇಲ್ಲ. ಬೋಳು. ಫೋಟೋದಲ್ಲಿರುವುದೇ ಬೇರೆ, ಕಳಿಸಿದ್ದೇ ಬೇರೆ. ಮೈಯೆಲ್ಲ ಉರಿದುಹೋಯಿತು.

ಅವನ ಉತ್ತರಗಳನ್ನು ಹಾಗೇ ಕೊಡುತ್ತೇನೆ. ಮೊದಲು: "ಇನ್ನೂ ಸ್ವಲ್ಪ ಟೈಟ್ ಮಾಡಿ ಸಾರ್." ಆಮೇಲೆ: "ಹಳೇ ಗಾಡಿ ಅಂದ್ಮೇಲೆ ಸೌಂಡ್ ಇದ್ದೇ ಇರುತ್ತೆ." ಆಮೇಲೆ: "ಸಿಲಿಕೋನ್ ಪೇಸ್ಟ್ ಹಚ್ಚಿ." ಎಕ್ಸಾಸ್ಟ್ ಪೋರ್ಟ್‌ಗೆ ಸಿಲಿಕೋನ್! ಅಲ್ಲಿನ ಬಿಸಿಗೆ ಅದು ಸುಟ್ಟು ಉದುರುತ್ತದೆ. ಫೋಟೋ ವಿಷಯ ಎತ್ತಿದಾಗ: "ಫೋಟೋ ಬರೀ ಮಾದರಿಗೆ ಸಾರ್." ದುಡ್ಡು ವಾಪಸ್ ಕೇಳಿದಾಗ: "ಒಮ್ಮೆ ಫಿಟ್ ಮಾಡಿದ ಸಾಮಾನು ವಾಪಸ್ ತಗೊಳಲ್ಲ." ಫಿಟ್ ಮಾಡದೆ ಸೋರುತ್ತದೋ ಇಲ್ಲವೋ ಹೇಗೆ ಗೊತ್ತಾಗಬೇಕು ಸ್ವಾಮಿ? ಅದಕ್ಕೆ ಉತ್ತರವಿಲ್ಲ. ಸಾರ್ ಸಾರ್ ಅಂತಲೇ ತಲೆ ಸವರಿದ.

ಇದು ಬರೀ ಶಬ್ದದ ತಕರಾರಲ್ಲ. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ವಾಸನೆಯಿಲ್ಲ. ಬಾನೆಟ್ ಕೆಳಗಿಂದ ಕ್ಯಾಬಿನ್ ಒಳಗೆ ಬರಬಹುದು. ಹಳೇ ಗಾಡಿಯಲ್ಲಿ ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯಾದ ಫೈರ್‌ವಾಲ್‌ನಲ್ಲಿ ತೂತುಗಳಿಗೇನು ಬರ.

ಕೊಳ್ಳುವ ಮುಂಚೆ ಫ್ಲ್ಯಾಂಜ್ ದಪ್ಪವನ್ನು ಅಳತೆಪಟ್ಟಿ ಜೊತೆಗಿಟ್ಟು, ಎರಕದ ನಂಬರ್ ಕಾಣುವಂತೆ ಫೋಟೋ ತೆಗೆಸಿಕೊಳ್ಳಿ. ನಿಮಗೆ ಕಳಿಸುವ ತುಂಡಿನದೇ ಫೋಟೋ ಆಗಿರಲಿ. ಬಂದ ಮೇಲೆ ಸ್ಟಡ್‌ಗೆ ತಾಗಿಸುವ ಮುಂಚೆ ಅಳೆಯಿರಿ. ‘ಕಣ್ಣು ಮುಚ್ಚಿ ಹಾಕಿ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು. ಹಳೇ ಮ್ಯಾನಿಫೋಲ್ಡ್ ಕಳಿಸಿದರೆ ಬೆಲೆ ಕಡಿಮೆ ಮಾಡುತ್ತೇನೆ ಎಂದು ಅವನು ತುಂಬಾ ಒತ್ತಾಯ ಮಾಡಿದ್ದ. ಪುಣ್ಯಕ್ಕೆ ಕಳಿಸಿರಲಿಲ್ಲ. ಫೋಟೋದಲ್ಲಿರುವ ಒರಿಜಿನಲ್ ಯಾರ ಗಾಡಿಯದೋ ಎಂಬ ಅನುಮಾನ ಈಗ ಬರುತ್ತಿದೆ. ಬಿರುಕು ಬಿಟ್ಟ ನನ್ನದನ್ನೇ ಎರಕದ ಕಬ್ಬಿಣದ ವೆಲ್ಡಿಂಗ್ ಗೊತ್ತಿರುವವರಿಗೆ ಕೊಟ್ಟಿದ್ದೇನೆ. ನಿಧಾನಕ್ಕೆ ಕಾಯಿಸಿ, ನಿಧಾನಕ್ಕೆ ತಣಿಸಿ ಮಾಡುವ ಕೆಲಸ, ಆಮೇಲೆ ಫ್ಲ್ಯಾಂಜ್ ಮಟ್ಟ ಮಾಡಿಸಬೇಕು. ಖರ್ಚು ಅದಕ್ಕೂ ಇದೆ. ಆದರೂ ಅವನ ಬೋಳು ಕಬ್ಬಿಣವನ್ನು ಮತ್ತೆ ನನ್ನ ಎಂಜಿನ್‌ಗೆ ಹಾಕಲ್ಲ.